ಸದ್ದಿಲ್ಲದ ರೋಗದ ಸುಳಿವು ಹುಡುಕಿದ ಕಥೆ

1941ರ ಫೆಬ್ರುವರಿ 28ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಯ ತಾಲೂಕುಗಳು. ಕ್ಯಾನ್ಸರಿಗೆಂದೇ ಕಟ್ಟಿದ ಆ ಆಸ್ಪತ್ರೆ ಈ ಜನರಿಗೆ ತಮ್ಮದೇ ರಾಜಧಾನಿಯ ಆಸ್ಪತ್ರೆಯಾಗಿತ್ತು. ಹೋಟಗಿ–ಗದಗ ರೈಲುದಾರಿ 1884ರಿಂದಲೇ ಇತ್ತು. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಹತ್ತಿದವರು ಹೋಟಗಿಯಲ್ಲಿ ಗಾಡಿ ಬದಲಿಸಿ, ಸೋಲಾಪುರದ ಮೇಲೆ ಮುಂಬಯಿ ಮುಟ್ಟಬಹುದಿತ್ತು. ಅಷ್ಟು ದೂರ ಆಗದವರಿಗೆ ಮಿರಜ ಇತ್ತು. ಕೆನಡಾದಲ್ಲಿ ಹುಟ್ಟಿದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ, ದೊಡ್ಡ ಆಪರೇಷನ್ ಎಂದರೆ ಮಿರಜ ಎಂಬ ಮಾತು ಉತ್ತರ ಕರ್ನಾಟಕದ ಮನೆಮನೆಯಲ್ಲಿ ನೆಲೆಸಿತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ರಾಜಧಾನಿ ಬೆಂಗಳೂರಾಯಿತು. ಆದರೆ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಬಿಜಾಪುರಕ್ಕೆ ಮೊದಲ ವೈದ್ಯಕೀಯ ಕಾಲೇಜು ಬಂದದ್ದು 1984ರಲ್ಲಿ, ಅಲ್-ಅಮೀನ್. ಎರಡು ವರ್ಷದ ಮೇಲೆ ಬಿಎಲ್‌ಡಿಇ ಸಂಸ್ಥೆಯ ಕಾಲೇಜು. ಅಲ್ಲಿಯವರೆಗೆ ಭೀಮಾ ದಂಡೆಯ ರೋಗಿಗೆ ಹಳೆಯ ಉತ್ತರದ ದಾರಿಯೇ ಹತ್ತಿರದ್ದಾಗಿತ್ತು. ಇಂದಿಗೂ ಎಷ್ಟೋ ಮನೆಗಳಿಗೆ ಅದೇ ಹತ್ತಿರ.

ಹೀಗೆ ಹೊರಟವರಲ್ಲಿ ಬಾಯಿ, ಗಂಟಲು, ಗರ್ಭಕೊರಳು, ಸ್ತನದ ಕ್ಯಾನ್ಸರಿನವರೇ ಹೆಚ್ಚು. ಆ ರೋಗಗಳು ಕಣ್ಣಿಗೆ ಕಾಣುತ್ತವೆ, ಇಲ್ಲವೇ ಕೈಗೆ ಸಿಗುತ್ತವೆ. ಮೇದೋಜೀರಕದ ಕ್ಯಾನ್ಸರ್ ಹಾಗಲ್ಲ. ಆ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿದೆ. ವೈದ್ಯರು ಹೊಟ್ಟೆ ಒತ್ತಿ ನೋಡಿದರೆ ಸಿಗುವುದಿಲ್ಲ. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ, ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹೊಡೆಯುತ್ತದೆ. ‘ಗ್ಯಾಸ್ ಆಗೇದ’ ಎಂದು ತಿಂಗಳುಗಳು ಕಳೆಯುತ್ತವೆ. ಕಡೆಗೆ ಪಿತ್ತನಾಳ ಕಟ್ಟಿಕೊಂಡು ಕಣ್ಣು ಹಳದಿಯಾದಾಗ ಅದು ಕಾಮಣಿ. ಕಾಮಣಿಗೆ ಮೊದಲು ನೆನಪಾಗುವುದು ನಾಟಿ ಔಷಧ, ಚುಟಿಗೆ. ಅಲ್ಲಿ ಇನ್ನೊಂದಿಷ್ಟು ವಾರ. ಇದರಲ್ಲಿ ನಮ್ಮ ಹಳ್ಳಿಗರನ್ನಷ್ಟೇ ದೂರುವುದು ಅನ್ಯಾಯ. ಸ್ಕ್ಯಾನ್ ಯಂತ್ರಗಳು ತುಂಬಿರುವ ದೇಶಗಳಲ್ಲೂ ಈ ರೋಗಿಗಳಲ್ಲಿ ಕೊಯ್ದು ತೆಗೆಯಬಲ್ಲ ಹಂತದಲ್ಲಿ ಸಿಗುವವರು ಐವರಲ್ಲಿ ಒಬ್ಬರು ಮಾತ್ರ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಈ ರೋಗ ಬಂದಿತೆಂದು ಅಂದಾಜು. ಅದೇ ವರ್ಷ ಇದರಿಂದ ಸತ್ತವರು ಸುಮಾರು 4.67 ಲಕ್ಷ. ಬಂದವರ ಸಂಖ್ಯೆಗೆ ಸತ್ತವರ ಸಂಖ್ಯೆ ಇಷ್ಟು ಸಮೀಪ ನಿಲ್ಲುವ ಕ್ಯಾನ್ಸರುಗಳು ಬಹಳ ಇಲ್ಲ.

ಶಸ್ತ್ರಚಿಕಿತ್ಸೆಯ ವಿದ್ಯೆ ತಡವಾಗಿ ಬಂದದ್ದಲ್ಲ. ನ್ಯೂಯಾರ್ಕಿನ ಆಲನ್ ವಿಪಲ್ 1935ರಲ್ಲೇ ಗ್ರಂಥಿಯ ತಲೆಯ ಭಾಗವನ್ನು ತೆಗೆಯುವ ಆಪರೇಷನ್ನನ್ನು ಪ್ರಕಟಿಸಿದ್ದ. ಕೈ ಸಿದ್ಧವಿತ್ತು, ರೋಗ ಸಮಯಕ್ಕೆ ಸಿಗಲಿಲ್ಲ. 1979ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್ಸ್ಕಿ ತಂಡ ಕಂಡುಕೊಂಡ ಪ್ರತಿಕಾಯದಿಂದ ಸಿಎ 19-9 ಎಂಬ ರಕ್ತಪರೀಕ್ಷೆ ಹುಟ್ಟಿತು. ಚಿಕಿತ್ಸೆ ನಡೆಯುತ್ತಿರುವಾಗ ರೋಗದ ಏರಿಳಿತ ನೋಡಲು ಅದು ಇಂದಿಗೂ ಆಧಾರ. ಆದರೆ ಪಿತ್ತನಾಳ ಬೇರೆ ಕಾರಣಕ್ಕೆ ಕಟ್ಟಿಕೊಂಡರೂ ಅದು ಏರುತ್ತದೆ. ನೂರಕ್ಕೆ ಐದರಿಂದ ಹತ್ತು ಜನರ ದೇಹ ಹುಟ್ಟಿನಿಂದಲೇ ಆ ವಸ್ತುವನ್ನು ತಯಾರಿಸುವುದಿಲ್ಲ. ಮುನ್ಸೂಚನೆಗೆ ಅದು ಸಾಲಲಿಲ್ಲ.

ಮುನ್ಸೂಚನೆಗೆ ಕಾಲಾವಕಾಶವಾದರೂ ಇದೆಯೇ? ಈ ಪ್ರಶ್ನೆಗೆ 2010ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಉತ್ತರ ಕೊಟ್ಟಿತು. ಈ ರೋಗದಿಂದ ತೀರಿಕೊಂಡ ಏಳು ಮಂದಿಯ ಗಡ್ಡೆಗಳ ಡಿಎನ್‌ಎ ಓದಿ, ಅದರಲ್ಲಿ ಕೂಡುತ್ತ ಬಂದ ಬದಲಾವಣೆಗಳಿಂದ ಕಾಲವನ್ನು ಲೆಕ್ಕ ಹಾಕಿತು. ಮೊದಲ ರೂಪಾಂತರದಿಂದ ಕ್ಯಾನ್ಸರಿನ ಮೂಲಕೋಶ ಹುಟ್ಟಲು ಸರಾಸರಿ 11.7 ವರ್ಷ. ಅದು ಬೇರೆ ಅಂಗಗಳಿಗೆ ಹರಡುವ ಶಕ್ತಿ ಪಡೆಯಲು ಇನ್ನೂ 6.8 ವರ್ಷ. ಆಮೇಲೆ ಎರಡು-ಮೂರು ವರ್ಷದಲ್ಲಿ ಸಾವು. ಮಿಂಚಿನಂತೆ ಬರುತ್ತದೆಂದು ನಂಬಿದ್ದ ರೋಗ ಹದಿನೆಂಟು ವರ್ಷ ಒಳಗೇ ಬೆಳೆದಿರುತ್ತದೆ. ಅಷ್ಟು ಕಾಲದಲ್ಲಿ ಅದು ಏನಾದರೂ ಗುರುತು ಬಿಟ್ಟೇ ಇರಬೇಕು.

ಆ ಗುರುತಿನ ಜಾಡು ಹಿಡಿದು ಹೋದರೆ ಸಿಗುವುದು ಮಣ್ಣಿನ ಒಂದು ಹುಳು. ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕ ದುಂಡುಹುಳು. ಬೆಳೆದ ದ್ವಿಲಿಂಗಿಯ ಮೈಯಲ್ಲಿ 959 ಕೋಶಗಳು. ಯಾವ ಕೋಶ ಯಾವಾಗ ಒಡೆದು ಯಾವುದಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಒಂದೊಂದಾಗಿ ಬರೆದಿಟ್ಟಿದ್ದರು. ‘ಲಿನ್-4’ ಎಂಬ ಜೀನ್ ಕೆಟ್ಟ ಹುಳುಗಳು ಮರಿಯ ಮೊದಲ ಹಂತದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಿದ್ದವು, ದೊಡ್ಡವಾದರೂ ಪ್ರೌಢವಾಗುತ್ತಿರಲಿಲ್ಲ. ‘ಲಿನ್-14’ ಕೆಟ್ಟವುಗಳದ್ದು ಇದರ ತಿರುವುಮುರುವು. ಎಂಐಟಿಯಲ್ಲಿ ರಾಬರ್ಟ್ ಹೊರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿ ಒಟ್ಟಿಗಿದ್ದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಇಬ್ಬರೂ ತಮ್ಮ ತಮ್ಮ ಪ್ರಯೋಗಾಲಯ ಕಟ್ಟಿಕೊಂಡ ಮೇಲೂ ಈ ಒಗಟನ್ನು ಬಿಡಲಿಲ್ಲ. ಒಬ್ಬರು ಲಿನ್-4 ಹಿಡಿದರು, ಇನ್ನೊಬ್ಬರು ಲಿನ್-14.

ಆಂಬ್ರೋಸ್ ಅವರ ಪ್ರಯೋಗಾಲಯದಲ್ಲಿ ರೊಸಾಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್ ವರ್ಷಗಟ್ಟಲೆ ದುಡಿದು ಲಿನ್-4 ಇರುವ ಜಾಗವನ್ನು ಕಿರಿದು ಮಾಡುತ್ತ ಹೋದರು. ಜೀನ್ ಎಂದ ಮೇಲೆ ಒಂದು ಪ್ರೋಟೀನ್ ತಯಾರಿಸಬೇಕು ಎಂಬುದು ಆ ಕಾಲದ ನಂಬಿಕೆ. ಕೊನೆಗೆ ಸಿಕ್ಕಿದ್ದು ಪ್ರೋಟೀನಲ್ಲ, 22 ಅಕ್ಷರಗಳ ಆರ್‌ಎನ್‌ಎ ತುಣುಕು. 1992ರಲ್ಲಿ ಆಂಬ್ರೋಸ್, ರುವ್ಕುನ್ ಇಬ್ಬರೂ ತಂತಮ್ಮ ಅಕ್ಷರಮಾಲೆಗಳನ್ನು ಹಂಚಿಕೊಂಡು ಹೋಲಿಸಿದಾಗ, ಲಿನ್-4ರ ತುಣುಕು ಲಿನ್-14ರ ಸಂದೇಶವಾಹಕ ಆರ್‌ಎನ್‌ಎಯ ಬಾಲಕ್ಕೆ ಹೊಂದಿಕೊಂಡು ಕೂರುವುದು ಕಂಡಿತು. ಕೂತರೆ ಆ ಸಂದೇಶದಿಂದ ಪ್ರೋಟೀನ್ ತಯಾರಾಗುವುದು ತಗ್ಗುತ್ತದೆ. ಆಲಮಟ್ಟಿಯ ಕಾಲುವೆಗೆ ತೂಬು ಅರ್ಧ ಇಳಿಸಿದರೆ ನೀರು ನಿಲ್ಲುವುದಿಲ್ಲ, ಹರಿವು ಇಳಿಯುತ್ತದೆ. ಈ ತುಣುಕುಗಳ ಕೆಲಸವೂ ಅಂಥದ್ದು. 1993ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ಪ್ರಬಂಧಗಳು ಬಂದವು. ಹೆಚ್ಚಿನವರು ಇದು ಹುಳುವಿನ ವಿಚಿತ್ರ ಎಂದುಕೊಂಡು ಮುಂದೆ ಹೋದರು.

ಏಳು ವರ್ಷದ ಮೇಲೆ, 2000ದಲ್ಲಿ, ರುವ್ಕುನ್ ಪ್ರಯೋಗಾಲಯ ‘ಲೆಟ್-7’ ಎಂಬ ಇನ್ನೊಂದು ತುಣುಕನ್ನು ಕಂಡಿತು. ಇದು ನೊಣದಲ್ಲೂ ಮೀನಿನಲ್ಲೂ ಮನುಷ್ಯನಲ್ಲೂ ಇತ್ತು. ಮರುವರ್ಷ ‘ಮೈಕ್ರೋ ಆರ್‌ಎನ್‌ಎ’ ಎಂಬ ಹೆಸರು ಬಂತು. 2002ರಲ್ಲಿ ಜಾರ್ಜ್ ಕ್ಯಾಲಿನ್ ಮತ್ತು ಕಾರ್ಲೋ ಕ್ರೋಚೆ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳು ಅಳಿಸಿಹೋಗಿರುವುದನ್ನು ತೋರಿಸಿದರು. ಅಲ್ಲಿಂದ ಕ್ಯಾನ್ಸರ್ ಸಂಶೋಧಕರು ಪ್ರತಿಯೊಂದು ಗಡ್ಡೆಯಲ್ಲೂ ಇವನ್ನು ಎಣಿಸತೊಡಗಿದರು. ಆಂಬ್ರೋಸ್, ರುವ್ಕುನ್ ಇಬ್ಬರಿಗೂ 2024ರ ನೊಬೆಲ್ ಬಂತು.

2007ರ ಹೊತ್ತಿಗೆ ಮೇದೋಜೀರಕದ ಸರದಿ ಬಂದಿತ್ತು. ಆರೋಗ್ಯವಂತ ಗ್ರಂಥಿಯಲ್ಲಿ ಮಿಆರ್-216, ಮಿಆರ್-217 ಎಂಬ ಮೈಕ್ರೋ ಆರ್‌ಎನ್‌ಎಗಳು ತುಂಬಿರುತ್ತವೆ. ಕ್ಯಾನ್ಸರಾದಾಗ ಅವು ಬರಿದಾಗುತ್ತವೆ. ಬದಲಿಗೆ ಮಿಆರ್-21, ಮಿಆರ್-155, ಮಿಆರ್-196 ಏರುತ್ತವೆ. ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿ, ನಾಳದ ಒಳಪದರ ಸ್ವಲ್ಪವೇ ಕೆಟ್ಟಿರುವ ಚುಕ್ಕೆಗಳಲ್ಲೂ ಈ ಬದಲಾವಣೆಗಳಲ್ಲಿ ಕೆಲವು ಆಗಲೇ ಕಾಣುತ್ತವೆ. ಮನುಷ್ಯರಲ್ಲಿ ಈ ಹಂತಗಳನ್ನು ಒಂದಾದ ಮೇಲೊಂದು ನೋಡಲಾಗದು, ಇಲಿಗಳಲ್ಲಿ ನೋಡಬಹುದು. ನೆಬ್ರಾಸ್ಕದಲ್ಲಿ ಸುರಿಂದರ್ ಬಾತ್ರಾ ಅವರ ತಂಡ, ಈ ಕ್ಯಾನ್ಸರಿಗೆ ನಾಂದಿ ಹಾಡುವ ಕೆರಾಸ್ ಜೀನಿನ ದೋಷವನ್ನು ಹುಟ್ಟಿನಿಂದಲೇ ಹೊತ್ತ ಇಲಿಗಳನ್ನು ಹತ್ತನೆಯ ವಾರದಿಂದ ಐವತ್ತನೆಯ ವಾರದವರೆಗೆ ಹಂತಹಂತವಾಗಿ ಪರೀಕ್ಷಿಸಿ, 2015ರಲ್ಲಿ ಪ್ರಕಟಿಸಿತು. ರೋಗ ಬಲಿಯುತ್ತ ಹೋದಂತೆ 216, 217 ಇಳಿಯುತ್ತವೆ, 21, 31, 205 ಏರುತ್ತವೆ. ಅಂಗಾಂಶದಲ್ಲಿ ಗುರುತು ಮೊದಲೇ ಬೀಳುತ್ತದೆ ಎಂಬುದು ಗಟ್ಟಿಯಾಯಿತು.

ಅಂಗಾಂಶ ಸಿಗಬೇಕಾದರೆ ಸೂಜಿ ಚುಚ್ಚಬೇಕು. ಆರೋಗ್ಯವಂತನ ಮೇದೋಜೀರಕಕ್ಕೆ ಸೂಜಿ ಹಾಕುವವರು ಯಾರು? ಹಾಗಾಗಿ 2008ರ ಇನ್ನೊಂದು ಶೋಧ ಎಲ್ಲರ ಆಸೆಯನ್ನು ಹೆಚ್ಚಿಸಿತು. ಸಿಯಾಟಲಿನ ಮುನೀಶ್ ತಿವಾರಿ ಮತ್ತು ಸಂಗಡಿಗರು ರಕ್ತದ ದ್ರವಭಾಗದಲ್ಲೂ ಮೈಕ್ರೋ ಆರ್‌ಎನ್‌ಎ ತೇಲುತ್ತಿರುತ್ತದೆ, ಹೊರಗಿಟ್ಟರೂ ಒಂದು ದಿನದವರೆಗೆ ಕೆಡುವುದಿಲ್ಲ ಎಂದು ತೋರಿಸಿದರು. ಇದು ನಮ್ಮಂಥ ಸೀಮೆಗೆ ಒಳ್ಳೆಯ ಸುದ್ದಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸಿಂದಗಿಯಿಂದ ರಕ್ತದ ಕೊಳವೆ ಬಸ್ಸು ಹತ್ತಿ ಹೋಗಬೇಕು. ಒಂದು ತೊಡಕು ಮಾತ್ರ ಆಮೇಲೆ ಬಯಲಾಯಿತು. ಕುಲುಕಾಟಕ್ಕೆ, ಬಿಸಿಗೆ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಮಿಆರ್-451, ಮಿಆರ್-16 ದ್ರವಕ್ಕೆ ಸುರಿದು ಎಣಿಕೆಯನ್ನೇ ಹಾಳುಮಾಡುತ್ತವೆ. ರಕ್ತ ತೆಗೆಯುವ ಕೈ, ಅದನ್ನು ಬೇಗ ಬೇರ್ಪಡಿಸುವ ಯಂತ್ರ, ತಣ್ಣನೆಯ ಪೆಟ್ಟಿಗೆ ಇವು ಸಂಶೋಧನೆಯಷ್ಟೇ ಮುಖ್ಯ.

2009ರ ಏಪ್ರಿಲ್ ತಿಂಗಳನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ತಿಂಗಳು ನಮ್ಮ ನೆಲದಿಂದ ಎರಡು ಪ್ರಬಂಧಗಳು ಹೊರಬಂದವು. ಒಂದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಿಂದ. ಅಖಿಲೇಶ್ ಪಾಂಡೆ 2002ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಎಚ್.ಸಿ. ಹರ್ಷ ಮತ್ತು ಸಂಗಡಿಗರು, ಮೇದೋಜೀರಕದ ಕ್ಯಾನ್ಸರಿನಲ್ಲಿ ಹೆಚ್ಚಾಗುತ್ತದೆಂದು ಜಗತ್ತಿನ ಯಾವುದೇ ಪ್ರಬಂಧದಲ್ಲಿ ವರದಿಯಾದ ಜೀನ್, ಪ್ರೋಟೀನುಗಳನ್ನೆಲ್ಲ ಓದಿ, ಕೈಯಾರೆ ಆರಿಸಿ ಪಟ್ಟಿ ಮಾಡಿದರು. ಸಂಖ್ಯೆ 2,516. ಈ ಕೆಲಸದ ಬೆಲೆ ದೊಡ್ಡದು. ಆ ಪಟ್ಟಿ ಇನ್ನೊಂದು ಸತ್ಯವನ್ನೂ ಹೇಳುತ್ತಿತ್ತು: ಅಭ್ಯರ್ಥಿಗಳಿಗೆ ಕೊರತೆಯಿಲ್ಲ, ಅವರಲ್ಲಿ ಯಾರು ನಿಜ ಎಂದು ಒರೆಗೆ ಹಚ್ಚುವ ಕಲ್ಲಿಗೆ ಕೊರತೆ.

ಎರಡನೆಯ ಪ್ರಬಂಧ ಬಂದದ್ದು ಇಂಡಿಯಿಂದ ಭೀಮೆ ದಾಟಿದರೆ ಸಿಗುವ ಸೋಲಾಪುರ ಜಿಲ್ಲೆಯಿಂದ. ಸೋಲಾಪುರದಾಚೆ ಎಪ್ಪತ್ತು ಕಿಲೋಮೀಟರಿಗೆ ಬಾರ್ಶಿ. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ದಾಖಲೆ ಶುರುವಾಗಿತ್ತು. ಬೆಂಗಳೂರು, ಮದ್ರಾಸಿನ ದಾಖಲೆಗಳು 1982ರಿಂದ, ಮುಂಬಯಿಯದು ಅದಕ್ಕೂ ಮೊದಲಿನಿಂದ ಇದ್ದವು. ಅವು ನಗರದ ಆಸ್ಪತ್ರೆಗಳಿಂದ ಹೆಸರು ಕೂಡಿಸುತ್ತಿದ್ದವು. ಹಳ್ಳಿಯ ಜನ ಆಸ್ಪತ್ರೆಗೇ ಬರುವುದಿಲ್ಲವಲ್ಲ. ಆದ್ದರಿಂದ ಬಾರ್ಶಿಯ ಕಾರ್ಯಕರ್ತರು ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳನ್ನು ಸುತ್ತಿ, ಕಟ್ಟೆಯ ಮೇಲೆ ಕೂತು, ಯಾರಿಗೆ ಗಂಟು ಇದೆ, ಯಾರಿಗೆ ರಕ್ತ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರು. ಹೆಸರು ಬರೆಯುವುದಕ್ಕೆ ಹೋದವರು ಮಾತಾಡಿದರು. ಮಾತಾಡಿದ್ದರಿಂದಲೇ ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರು ಮೊದಲಿಗಿಂತ ಬೇಗನೆ, ಆರಂಭದ ಹಂತದಲ್ಲೇ ಬರತೊಡಗಿದರು. ಇದನ್ನು ಓದಿದಾಗಲೆಲ್ಲ ನನಗೆ ಆ ಹೆಸರಿಲ್ಲದ ಕಾರ್ಯಕರ್ತರ ಮೇಲೆ ಗೌರವ ಉಕ್ಕುತ್ತದೆ.

ಆ ತಳಹದಿಯ ಮೇಲೆ 1999ರಲ್ಲಿ ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ದೊಡ್ಡ ಪ್ರಯೋಗ ಆರಂಭವಾಯಿತು. ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಶಾಖೆ ಮೂರೂ ಕೂಡಿದ್ದವು. 30ರಿಂದ 59 ವರ್ಷದ 1,31,746 ಹೆಂಗಸರನ್ನು ಊರುಗಳ ಗುಂಪಿನಂತೆ ನಾಲ್ಕು ಭಾಗ ಮಾಡಿ, ಮೂರಕ್ಕೆ ಬೇರೆ ಬೇರೆ ಪರೀಕ್ಷೆ, ನಾಲ್ಕನೆಯದಕ್ಕೆ ಎಂದಿನ ಆರೈಕೆ. ಎಂಟು ವರ್ಷದ ಮೇಲೆ ಎಣಿಸಿದ್ದನ್ನೇ 2009ರ ಏಪ್ರಿಲಿನ ಆ ಎರಡನೆಯ ಪ್ರಬಂಧ ಹೇಳಿತು: ಎಚ್‌ಪಿವಿ ವೈರಸ್ಸಿನ ಡಿಎನ್‌ಎ ಪರೀಕ್ಷೆ ಒಮ್ಮೆ ಆದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 34, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಒಂದು ಅಣುಗುರುತು ಹಳ್ಳಿಯಲ್ಲಿ ಪ್ರಾಣ ಉಳಿಸುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಈ ಹೆಂಗಸರಿಂದ. ಪರೀಕ್ಷೆ ಸಿಗದ ಗುಂಪಿನ ಬಗ್ಗೆ ನೈತಿಕ ಆಕ್ಷೇಪ ಆಮೇಲೆ ಗಟ್ಟಿಯಾಗಿ ಎದ್ದಿತು, ಏಳಬೇಕಾದದ್ದೇ. ಆ 64 ಜನರ ಋಣ ಆ ಫಲಿತಾಂಶದ ಮೇಲೆ ಯಾವಾಗಲೂ ಇದೆ.

ಮೇದೋಜೀರಕದ ಮೈಕ್ರೋ ಆರ್‌ಎನ್‌ಎಗೆ ಇಂಥ ಒರೆಗಲ್ಲು ಬೇಕಾಗಿತ್ತು. 2014ರಲ್ಲಿ ಡೆನ್ಮಾರ್ಕಿನ ತಂಡ 409 ರೋಗಿಗಳ ರಕ್ತವನ್ನು ಆರೋಗ್ಯವಂತರ ರಕ್ತದೊಡನೆ ಹೋಲಿಸಿ, ಕೆಲವೇ ಮೈಕ್ರೋ ಆರ್‌ಎನ್‌ಎಗಳ ಗುಚ್ಛದಿಂದ ಇಬ್ಬರನ್ನೂ ಬೇರ್ಪಡಿಸಬಹುದೆಂದು ಪ್ರಕಟಿಸಿತು. ಪತ್ರಿಕೆಗಳು ಸಂಭ್ರಮಿಸಿದವು, ಬರೆದವರು ಮಾತ್ರ ಇದು ಪ್ರಾಥಮಿಕ ಎಂದೇ ಹೇಳಿದ್ದರು. ಕಾರಣ ಸ್ಪಷ್ಟ. ಅವರು ನೋಡಿದ್ದು ರೋಗ ಬಂದು ಆಸ್ಪತ್ರೆಗೆ ಸೇರಿದವರನ್ನು. ರೋಗ ಬರುವ ಮುಂಚಿನ ರಕ್ತ ಬೇಕಾದರೆ, ಆರೋಗ್ಯವಾಗಿದ್ದಾಗಲೇ ರಕ್ತ ಕೊಟ್ಟು, ವರ್ಷಗಳ ಮೇಲೆ ರೋಗಕ್ಕೆ ಬಿದ್ದವರನ್ನು ಹುಡುಕಬೇಕು.

ಉತ್ತರ ಸ್ವೀಡನ್ನಿನಲ್ಲಿ ಅಂಥ ರಕ್ತ ಇತ್ತು. ವೆಸ್ಟರ್‌ಬೊಟ್ಟೆನ್ ಎಂಬ ಸೀಮೆಯಲ್ಲಿ 1980ರ ದಶಕದಿಂದ 40, 50, 60 ತುಂಬಿದವರನ್ನು ಆರೋಗ್ಯ ತಪಾಸಣೆಗೆ ಕರೆದು, ಒಪ್ಪಿದವರ ರಕ್ತವನ್ನು ಹೆಪ್ಪುಗಟ್ಟಿಸಿ ಇಡುತ್ತಿದ್ದರು. ಊಮಿಯೋ ವಿಶ್ವವಿದ್ಯಾಲಯದ ಓಸ್ಕರ್ ಫ್ರಾಂಕ್ಲಿನ್, ಮಾಲಿನ್ ಸುಂಡ್ ಮತ್ತು ಸಂಗಡಿಗರು ಆಮೇಲೆ ಮೇದೋಜೀರಕದ ಕ್ಯಾನ್ಸರ್ ಬಂದವರ ಹಳೆಯ ರಕ್ತವನ್ನು ಹೊರತೆಗೆದು ನೋಡಿದರು. ರೋಗ ಪತ್ತೆಯಾದಾಗ ಬದಲಾಗಿದ್ದ ಮೈಕ್ರೋ ಆರ್‌ಎನ್‌ಎಗಳು ಅದಕ್ಕೆ ಮುಂಚಿನ ರಕ್ತದಲ್ಲಿ ಬದಲಾಗಿರಲಿಲ್ಲ. ಬದಲಾವಣೆ ತಡವಾಗಿ ಕಾಣುತ್ತದೆ ಎಂಬ ಮಾತನ್ನೇ ಶೀರ್ಷಿಕೆ ಮಾಡಿ 2018ರಲ್ಲಿ ಪ್ರಕಟಿಸಿದರು. ಯುರೋಪಿನ ಹಲವು ದೇಶಗಳ ಇನ್ನೊಂದು ದೊಡ್ಡ ಸಂಗ್ರಹದಲ್ಲಿ, ಪತ್ತೆಗೆ ಮುಂಚಿನ ಐದು ವರ್ಷಗಳೊಳಗೆ ಕೆಲವು ಮೈಕ್ರೋ ಆರ್‌ಎನ್‌ಎಗಳು ಮಿಸುಕಿದಂತೆ ಕಂಡಿತ್ತು. ಎರಡೂ ಪ್ರಾಮಾಣಿಕ ಕೆಲಸಗಳೇ. ಅಂಗಾಂಶದಲ್ಲಿ ಬೇಗ ಬೀಳುವ ಗುರುತು ರಕ್ತಕ್ಕೆ ಬಂದು ಎದ್ದು ಕಾಣಲು ಗಡ್ಡೆ ಬೆಳೆದಿರಬೇಕೇನೋ ಎಂಬ ಶಂಕೆ ಆಗ ಹುಟ್ಟಿತು. ‘ಇಲ್ಲ’ ಎಂಬ ಫಲಿತಾಂಶವನ್ನು ಧೈರ್ಯವಾಗಿ ಅಚ್ಚು ಹಾಕಿಸಿದ ಊಮಿಯೋದವರನ್ನು ಈ ಇತಿಹಾಸದಲ್ಲಿ ನಾನು ಎತ್ತರದಲ್ಲಿ ಇಡುತ್ತೇನೆ.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಕೋಶಗಳು ರಕ್ತಕ್ಕೆ ಬಿಡುವ ಸೂಕ್ಷ್ಮ ಚೀಲಗಳೊಳಗಿನ ಮೈಕ್ರೋ ಆರ್‌ಎನ್‌ಎಯನ್ನು ಬೇರೆಯಾಗಿ ಎಣಿಸುವುದು ಈಗಿನ ದಾರಿ. ಅಮೆರಿಕದ ಸಿಟಿ ಆಫ್ ಹೋಪ್‌ನ ಅಜಯ್ ಗೋಯಲ್ ತಂಡ 2024ರ ಏಪ್ರಿಲಿನಲ್ಲಿ, ಇಂಥ ಗುಚ್ಛವನ್ನು ಸಿಎ 19-9ರ ಜೊತೆ ಸೇರಿಸಿದರೆ ಒಂದು, ಎರಡನೆಯ ಹಂತದ ರೋಗಿಗಳಲ್ಲಿ ನೂರಕ್ಕೆ 97ರಷ್ಟನ್ನು ಗುರುತಿಸಬಹುದೆಂದು ವರದಿ ಮಾಡಿತು. ಅಲ್ಲಿಯೂ ರಕ್ತ ಕೊಟ್ಟವರು ರೋಗವಿದೆ ಎಂದು ಗೊತ್ತಾದವರೇ.

ಇನ್ನು ನಮ್ಮ ಬಿಜಾಪುರ, ಅಂದರೆ ಈಗಿನ ವಿಜಯಪುರ ಜಿಲ್ಲೆಯ ಲೆಕ್ಕ. ಭಾರತದಲ್ಲಿ ಈ ರೋಗ ವರ್ಷಕ್ಕೆ ಲಕ್ಷ ಜನರಲ್ಲಿ ಒಂದೆರಡು ಮಂದಿಗೆ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ 21.77 ಲಕ್ಷ ಜನ. ಹಾಗಾದರೆ ಜಿಲ್ಲೆಯಲ್ಲಿ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಮನೆಗಳಲ್ಲಿ ಈ ಆಘಾತ. ಆರೋಗ್ಯವಂತರಲ್ಲಿ ನೂರಕ್ಕೆ 95 ಸಲ ಸರಿಯಾಗಿ ‘ಇಲ್ಲ’ ಎನ್ನುವ ಪರೀಕ್ಷೆಯನ್ನು ಲಕ್ಷ ಜನಕ್ಕೆ ಮಾಡಿದರೆ, ಒಬ್ಬಿಬ್ಬರನ್ನು ಹಿಡಿಯಲು 5,000 ಜನರಿಗೆ ‘ಅನುಮಾನವಿದೆ’ ಎಂಬ ಚೀಟಿ ಹೋಗುತ್ತದೆ. ಅವರು ಸೋಲಾಪುರ, ವಿಜಯಪುರ, ಹುಬ್ಬಳ್ಳಿ ಎಂದು ಸ್ಕ್ಯಾನಿಗೆ ಅಲೆಯಬೇಕು, ಎಮ್ಮೆ ಮಾರಬೇಕು, ರಾತ್ರಿ ನಿದ್ದೆಗೆಡಬೇಕು. ಲಕ್ಷಣವಿಲ್ಲದವರಿಗೆ ಈ ತಪಾಸಣೆ ಬೇಡ ಎಂದು ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2019ರಲ್ಲಿ ಪುನಃ ಹೇಳಿದ್ದು ಇದೇ ಕಾರಣಕ್ಕೆ.

ಹಾಗಾದರೆ ಯಾರಿಗೆ ಮಾಡಬೇಕು? ಇದಕ್ಕೆ ಉತ್ತರದ ಒಂದು ಎಳೆ ಚೆನ್ನೈಯಿಂದ ಹೊರಟಿತು. ದಕ್ಷಿಣ ಭಾರತದಲ್ಲಿ ಎಳೆಯ ವಯಸ್ಸಿನಲ್ಲೇ ಮೇದೋಜೀರಕದಲ್ಲಿ ಹರಳುಕಟ್ಟಿ ಸಕ್ಕರೆ ಕಾಯಿಲೆ ತರುವ ಒಂದು ಉರಿಯೂತವಿದೆ. 1994ರಲ್ಲಿ ಸುರೇಶ್ ಚಾರಿ, ವಿ. ಮೋಹನ್, ಎಂ. ವಿಶ್ವನಾಥನ್ ಮತ್ತು ಸಂಗಡಿಗರು ಅಂಥವರಲ್ಲಿ ಮೇದೋಜೀರಕದ ಕ್ಯಾನ್ಸರಿನ ಅಪಾಯ ಸುಮಾರು ನೂರು ಪಟ್ಟು ಎಂದು ತೋರಿಸಿದರು. ಅಮೆರಿಕದ ಮೇಯೋ ಕ್ಲಿನಿಕ್ ಸೇರಿದ ಚಾರಿ 2005ರಲ್ಲಿ ಇನ್ನೊಂದು ಸಂಬಂಧವನ್ನು ಬೆಳಕಿಗೆ ತಂದರು: 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಂಥವರಲ್ಲಿ ಆ ಸಕ್ಕರೆ ಕಾಯಿಲೆಯನ್ನು ತಂದದ್ದೇ ಅಡಗಿ ಕೂತ ಗಡ್ಡೆ. 2018ರಲ್ಲಿ ಅವರ ತಂಡ ವಯಸ್ಸು, ತೂಕದ ಇಳಿತ, ಸಕ್ಕರೆಯ ಏರಿಕೆ ಈ ಮೂರಕ್ಕೂ ಅಂಕ ಕೊಟ್ಟು ಕೂಡಿಸುವ ಕ್ರಮ ಮಾಡಿತು. ಮೂರು ಅಥವಾ ಹೆಚ್ಚು ಅಂಕ ಬಂದವರಲ್ಲಿ ರೋಗ ನೂರಕ್ಕೆ 3.6ರಷ್ಟು ಜನರಲ್ಲಿ ಕಂಡಿತು.

ಇದು ಅಮೆರಿಕದ ಜನರ ಲೆಕ್ಕ. ನಮ್ಮಲ್ಲಿ ಸಕ್ಕರೆ ಕಾಯಿಲೆ ಹತ್ತು ವರ್ಷ ಮೊದಲೇ ಬರುತ್ತದೆ, ಬೇರೆ ಕಾರಣಗಳಿಗೂ ಜನ ಸೊರಗುತ್ತಾರೆ, ತಂಬಾಕು ಅಗಿಯುವವರು ಹೆಚ್ಚು, ಸೇದುವವರೂ ಇದ್ದಾರೆ. ಎರಡೂ ಮೇದೋಜೀರಕಕ್ಕೆ ಕೇಡು. ಅಂಕಗಳನ್ನು ಇಲ್ಲಿಯ ಜನರ ಮೇಲೆ ಹೊಸದಾಗಿ ಅಳೆಯಬೇಕು. ಅಳೆಯಲು ಬೇಕಾದ ಕಾಲಮ್ಮುಗಳು ತಾಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನ ಪುಸ್ತಕದಲ್ಲಿ ಈಗಾಗಲೇ ಇವೆ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ವಿವರ ತುಂಬುತ್ತಾರೆ, ತಂಬಾಕಿನ ಬಗ್ಗೆ ಕೇಳುತ್ತಾರೆ; ಕ್ಲಿನಿಕ್ಕಿನಲ್ಲಿ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಕ್ಯಾನ್ಸರುಗಳಲ್ಲಿ ಅವರ ಪಟ್ಟಿಯಲ್ಲಿರುವುದು ಬಾಯಿ, ಸ್ತನ, ಗರ್ಭಕೊರಳು. ಐವತ್ತು ದಾಟಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರ ತೂಕವನ್ನು ಹಿಂದಿನ ಭೇಟಿಯ ತೂಕದ ಪಕ್ಕ ಇಟ್ಟು ಓದಿ, ಒಪ್ಪಿದವರ ಒಂದು ಕೊಳವೆ ರಕ್ತವನ್ನು ವಿಜಯಪುರದ ವೈದ್ಯಕೀಯ ಕಾಲೇಜಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟರೆ, ಇನ್ನೈದು ವರ್ಷಕ್ಕೆ ಮಿಆರ್-21 ಮೊದಲೇ ಮಾತಾಡುತ್ತದೆಯೋ ಇಲ್ಲವೋ ಎಂದು ಈ ನೆಲದ ರಕ್ತವನ್ನೇ ಕೇಳಬಹುದು. ಲಕ್ಷಕ್ಕೆ ಒಬ್ಬರ ಜಾಗದಲ್ಲಿ ನೂರಕ್ಕೆ ಮೂರ್ನಾಲ್ವರು ಇರುವ ಗುಂಪಿಗೆ ಅದೇ 95ರ ಪರೀಕ್ಷೆ ಮಾಡಿದರೆ, ಸುಮ್ಮನೆ ಹೆದರುವವರು ಐವರು, ಕೈಗೆ ಸಿಗುವವರು ಸುಮಾರು ಮೂವರು. ಆ ಎಂಟು ಜನರ ಸಿಟಿ ಸ್ಕ್ಯಾನ್ ಜಿಲ್ಲಾ ಕೇಂದ್ರದಲ್ಲೇ, ಒಂದು ವಾರದೊಳಗೆ ಮುಗಿಯುವ ಕೆಲಸ.